ಚತುರ್ಭುಜಗಳ ಸಮಮಿತಿ ರೇಖೆಗಳನ್ನು ಮಡಿಸಿ, ಅಳೆದು ಕಂಡುಹಿಡಿಯುವ ಕ್ರಮ

ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಎ4 ಹಾಳೆಯೊಂದನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಅದರ ಅಗಲ 210 ಮಿಲಿಮೀಟರ್, ಉದ್ದ 297 ಮಿಲಿಮೀಟರ್. ಎದುರುಬದುರಿನ ಎರಡು ಮೂಲೆಗಳನ್ನು ಸೇರಿಸುವ ಗೆರೆಯನ್ನು, ಅಂದರೆ ಕರ್ಣವನ್ನು, ಪೆನ್ಸಿಲಿನಿಂದ ಎಳೆದು, ಸ್ಕೇಲನ್ನು ಆ ಗೆರೆಗೆ ಒತ್ತಿ ಹಿಡಿದು ಹಾಳೆಯನ್ನು ಅದರ ಗುಂಟ ಮಡಿಸಿ. ಮಡಿಕೆಯ ಆಚೆಗಿದ್ದ ಮೂಲೆ ಈಚೆಗಿನ ಮೂಲೆಯ ಮೇಲೆ ಬಂದು ಕೂರುವುದಿಲ್ಲ; ಎರಡು ಮೂಲೆಗಳ ನಡುವೆ ಸುಮಾರು 12 ಸೆಂಟಿಮೀಟರ್ ಅಂತರ ಉಳಿದುಬಿಡುತ್ತದೆ. ಅದೇ ಹಾಳೆಯನ್ನು ಬಿಡಿಸಿ, ಕರ್ಣದ ಗುಂಟ ಕತ್ತರಿಸಿ, ಒಂದು ತುಂಡನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದರ ಮೇಲಿಟ್ಟರೆ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಳ್ಳುತ್ತದೆ.

ವಿಷಯದ ಮುಖ್ಯ ತೊಡಕು ಈ ಒಂದು ಪ್ರಯೋಗದಲ್ಲೇ ಇದೆ. ಕರ್ಣವು ಆಯತವನ್ನು ಎರಡು ಸರ್ವಸಮ, ಅಂದರೆ ಆಕಾರದಲ್ಲೂ ಅಳತೆಯಲ್ಲೂ ಒಂದೇ ಆದ, ತ್ರಿಭುಜಗಳಾಗಿ ವಿಭಾಗಿಸುತ್ತದೆ ಎಂಬುದು ನಿಜ, ಆದರೆ ಅದು ಆಯತದ ಸಮಮಿತಿ ರೇಖೆಯಲ್ಲ. ಒಂದು ಆಕೃತಿಯನ್ನು ಒಂದು ಸರಳರೇಖೆಯ ಗುಂಟ ಮಡಿಸಿದಾಗ, ಒಂದು ಬದಿಯ ಭಾಗವು ಇನ್ನೊಂದು ಬದಿಯ ಭಾಗದ ಮೇಲೆ ಜಾರಿಸದೆ, ತಿರುಗಿಸದೆ, ಪೂರ್ತಿಯಾಗಿ ಹೊಂದಿಕೊಂಡರೆ ಮಾತ್ರ ಆ ರೇಖೆಯನ್ನು ಸಮಮಿತಿ ರೇಖೆ ಅಥವಾ ಸಮಮಿತಿ ಅಕ್ಷ ಎನ್ನುತ್ತೇವೆ. ‘ಆಕೃತಿಯನ್ನು ಎರಡು ಸಮಭಾಗ ಮಾಡುವ ಗೆರೆ’ ಎಂಬ ಅರ್ಧ ವಾಕ್ಯವನ್ನಷ್ಟೇ ಬಾಯಿಪಾಠ ಮಾಡಿಕೊಂಡ ಮಕ್ಕಳು ಆಯತಕ್ಕೆ ನಾಲ್ಕು ರೇಖೆಗಳನ್ನೂ ಸಮಾಂತರ ಚತುರ್ಭುಜಕ್ಕೆ ಎರಡು ರೇಖೆಗಳನ್ನೂ ಧೈರ್ಯವಾಗಿ ಎಳೆದುಬಿಡುತ್ತಾರೆ. ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಈ ಅಧ್ಯಾಯದ ಮಟ್ಟಿಗೆ ಇಷ್ಟು ಸಲ ಕಂಡ ತಪ್ಪು ಬೇರೊಂದಿಲ್ಲ. ಅದಕ್ಕೆ ಮಕ್ಕಳಿಗಿಂತ ಆ ಅರ್ಧ ವಾಕ್ಯವೇ ಹೆಚ್ಚು ಕಾರಣ ಎಂದು ನನಗೆ ಅನ್ನಿಸುತ್ತದೆ.

ಬೇಕಾದ ಸಾಮಗ್ರಿ ಮತ್ತು ಪರೀಕ್ಷಿಸುವ ಬಗೆ

ಒಂದು ಬದಿ ಬಳಸಿ ಬಿಟ್ಟ ಹತ್ತು ಹನ್ನೆರಡು ಎ4 ಹಾಳೆಗಳು, ಕತ್ತರಿ, ಸ್ಕೇಲು, ಪೆನ್ಸಿಲು, ಕೈವಾರ, ಒಂದು ಸೆಟ್‌ಸ್ಕ್ವೇರ್, ಒಂದು ಚಿಕ್ಕ ಕನ್ನಡಿ ಮತ್ತು ಒಂದು ತುಂಡು ಬಟರ್ ಪೇಪರ್ ಇದ್ದರೆ ಸಾಕು. ದಪ್ಪ ಡ್ರಾಯಿಂಗ್ ಹಾಳೆ ಬೇಡ, ಏಕೆಂದರೆ ಅದರ ಮಡಿಕೆ ಗೆರೆಯ ಮೇಲೆ ನಿಲ್ಲದೆ ಆಚೀಚೆ ಸರಿಯುತ್ತದೆ. ಮಡಿಸಿದ ಮೇಲೆ ಹೆಬ್ಬೆರಳಿನ ಉಗುರಿನಿಂದ ಒಮ್ಮೆ ಗೀರಿದರೆ ಮಡಿಕೆ ಚೂಪಾಗಿ ಕೂರುತ್ತದೆ.

ಮೊದಲನೆಯ ಪರೀಕ್ಷೆ ಮಡಿಸುವುದು. ಆಕೃತಿಯನ್ನು ಅಂಚಿಗೆ ಸರಿಯಾಗಿ ಕತ್ತರಿಸಿಕೊಂಡು, ಅನುಮಾನವಿರುವ ರೇಖೆಯ ಗುಂಟ ಮಡಿಸಿ, ಬೆಳಕಿಗೆ ಹಿಡಿದು ನೋಡಬೇಕು. ಎರಡು ಪದರಗಳ ಅಂಚು ಎಲ್ಲಿಯೂ ಬೇರೆಬೇರೆಯಾಗಿ ಕಾಣಬಾರದು. ಎರಡನೆಯದು ಕನ್ನಡಿ. ರೇಖೆಯ ಮೇಲೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿದಾಗ ಕಾಗದದ ಮೇಲಿನ ಅರ್ಧವೂ ಕನ್ನಡಿಯೊಳಗಿನ ಅರ್ಧವೂ ಸೇರಿ ಮೂಲ ಆಕೃತಿಯೇ ಕಾಣಬೇಕು. ಆಯತದ ಕರ್ಣದ ಮೇಲೆ ಕನ್ನಡಿ ನಿಲ್ಲಿಸಿದರೆ ಆಯತ ಕಾಣುವುದಿಲ್ಲ, ಅಕ್ಕಪಕ್ಕದ ಬಾಹುಗಳು ಎರಡೆರಡಾಗಿ ಸಮವಿರುವ ಅಚ್ಚುಕಟ್ಟಾದ ಗಾಳಿಪಟದ ಆಕೃತಿ ಕಾಣುತ್ತದೆ. ಹಾಳೆ ಮಡಿಸಿದಾಗ ಕಂಡದ್ದನ್ನೇ ಕನ್ನಡಿ ಇನ್ನೂ ಚೆನ್ನಾಗಿ ಹೇಳುತ್ತದೆ ಎಂಬ ಕಾರಣಕ್ಕೆ ತರಗತಿಯಲ್ಲಿ ನಾನು ಇದನ್ನು ತಪ್ಪದೆ ತೋರಿಸುತ್ತೇನೆ. ಮನೆಯ ಕನ್ನಡಿಗೆ ರಸಲೇಪ ಹಿಂಬದಿಯಲ್ಲಿರುವುದರಿಂದ, ಗಾಜಿನ ಮುಂಬದಿಯ ಬುಡವನ್ನಲ್ಲ, ಹಿಂಬದಿಯ ಬುಡವನ್ನು ರೇಖೆಗೆ ಹೊಂದಿಸಬೇಕು. (ಈ ಭಾಗಕ್ಕೆ ಉದಾಹರಣೆಯಾಗಿ ಇಂಗ್ಲಿಷಿನ ಎ, ಎಚ್, ಎಂ ಅಕ್ಷರಗಳನ್ನು ಕೊಡುವುದು ವಾಡಿಕೆ. ತಲೆಕಟ್ಟು, ಕೊಂಬುಗಳಿರುವ ನಮ್ಮ ಅಕ್ಷರಗಳನ್ನು ಕನ್ನಡಿಯ ಮುಂದೆ ಇಟ್ಟು ನೋಡಿದರೆ ಹೆಚ್ಚಿನವು ಸೋಲುತ್ತವೆ. ಸೊನ್ನೆ ಮಾತ್ರ ನಿಸ್ಸಂಶಯವಾಗಿ ಪಾಸಾಗುತ್ತದೆ.)

ಕತ್ತರಿಸಲಾಗದ ಚಿತ್ರಕ್ಕೆ, ಉದಾಹರಣೆಗೆ ಪುಸ್ತಕದಲ್ಲಿ ಅಚ್ಚಾದ ಆಕೃತಿಗೆ, ಬಟರ್ ಪೇಪರ್ ಉಪಯೋಗಕ್ಕೆ ಬರುತ್ತದೆ. ಆಕೃತಿಯನ್ನೂ ಪರೀಕ್ಷಿಸಬೇಕಾದ ರೇಖೆಯನ್ನೂ ಅದರ ಮೇಲೆ ಮೂಡಿಸಿಕೊಂಡು, ರೇಖೆಯ ಎರಡು ತುದಿಗಳು ಸ್ಥಳ ಬಿಡದಂತೆ ಹಾಳೆಯನ್ನು ಮಗುಚಿ ಹಾಕಿದಾಗ ನಕಲು ಮೂಲದ ಮೇಲೆ ಬಿದ್ದರೆ ಅದು ಸಮಮಿತಿ ರೇಖೆ. ಇದಾವುದೂ ಸಾಧ್ಯವಿಲ್ಲದಿದ್ದಾಗ ಅಳೆಯಬೇಕು. ಪ್ರತಿ ಶೃಂಗದಿಂದ, ಅಂದರೆ ಮೂಲೆಯಿಂದ, ರೇಖೆಗೆ ಸೆಟ್‌ಸ್ಕ್ವೇರಿನಿಂದ ಲಂಬ ಎಳೆದು, ಅಷ್ಟೇ ದೂರ ಆಚೆಗೂ ಮುಂದುವರಿಸಿದರೆ ಅಲ್ಲಿ ಇನ್ನೊಂದು ಶೃಂಗ ಸಿಗಬೇಕು. ರೇಖೆಯ ಮೇಲೆಯೇ ಇರುವ ಶೃಂಗ ತನಗೆ ತಾನೇ ಜೊತೆ. ದೂರ ಸಮವಾಗಿದ್ದು ಲಂಬ ತಪ್ಪಿದರೂ, ಲಂಬ ಸರಿಯಿದ್ದು ದೂರ ತಪ್ಪಿದರೂ ಪರೀಕ್ಷೆ ಸೋತಂತೆಯೇ. ಚೌಕಳಿ ಹಾಳೆಯಲ್ಲಿ ಚಿತ್ರವಿದ್ದರೆ ಸ್ಕೇಲಿನ ಅಗತ್ಯವೂ ಇಲ್ಲ, ಮನೆಗಳನ್ನು ಎಣಿಸಿದರೆ ಆಯಿತು.

ನಾಲ್ಕೇ ರೇಖೆಗಳನ್ನು ನೋಡಿದರೆ ಸಾಕು

ಒಂದು ಚತುರ್ಭುಜದ ಮೇಲೆ ಎಳೆಯಬಹುದಾದ ರೇಖೆಗಳಿಗೆ ಲೆಕ್ಕವಿಲ್ಲ. ಹಾಗಿದ್ದರೂ ಅದು ಯಾವುದೇ ಚತುರ್ಭುಜವಾಗಿರಲಿ, ನಾಲ್ಕು ರೇಖೆಗಳನ್ನು ಮಾತ್ರ ಪರೀಕ್ಷಿಸಿದರೆ ಸಾಕಾಗುತ್ತದೆ: ಎರಡು ಕರ್ಣಗಳು, ಮತ್ತು ಎದುರುಬದುರಿನ ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ಎರಡು ರೇಖೆಗಳು. ಇದಕ್ಕೆ ಕಾರಣ ಸರಳವಾದದ್ದು. ಆದರೂ ‘ಚೌಕಕ್ಕೆ ನಾಲ್ಕು, ಆಯತಕ್ಕೆ ಎರಡು’ ಎಂದು ಪಟ್ಟಿ ಬರೆಸುವ ಭರದಲ್ಲಿ ಅದನ್ನು ಹೇಳದೆ ಬಿಡುವುದೇ ಹೆಚ್ಚು.

ಚತುರ್ಭುಜದ ಶೃಂಗಗಳನ್ನು ಕ್ರಮವಾಗಿ ಅ, ಬ, ಕ, ಡ ಎಂದು ಕರೆಯೋಣ. ಮಡಿಸಿದಾಗ ಪ್ರತಿ ಶೃಂಗವೂ ಒಂದೋ ಇನ್ನೊಂದು ಶೃಂಗದ ಮೇಲೆ ಕೂರಬೇಕು, ಇಲ್ಲವೇ ಮಡಿಕೆಯ ಮೇಲೆಯೇ ಇರಬೇಕು. ಮಡಿಕೆಯ ಮೇಲೆ ಒಂದೇ ಶೃಂಗವಿದ್ದರೆ ಉಳಿದ ಮೂರರಲ್ಲಿ ಒಂದಕ್ಕೆ ಜೊತೆ ಸಿಗದು. ಮೂರಿದ್ದರೆ ಮೂರೂ ಒಂದೇ ಸಾಲಿನಲ್ಲಿ ಬಂದು ಅದು ಚತುರ್ಭುಜವಾಗಿಯೇ ಉಳಿಯುವುದಿಲ್ಲ. ಹಾಗಾಗಿ ಮಡಿಕೆಯ ಮೇಲೆ ಎರಡು ಶೃಂಗಗಳಿರಬೇಕು ಅಥವಾ ಒಂದೂ ಇರಬಾರದು. ಎರಡಿದ್ದಾಗ ಅವು ಅ ಮತ್ತು ಬ ದಂತೆ ಅಕ್ಕಪಕ್ಕದವಾಗಿರಲು ಸಾಧ್ಯವಿಲ್ಲ. ಹಾಗಿದ್ದರೆ ಕ ಮತ್ತು ಡ ಒಂದರ ಮೇಲೊಂದು ಬಂದು, ಅಡ ಎಂಬ ಬಾಹು ಅಕ ಎಂಬ ಕರ್ಣದ ಮೇಲೆ ಬೀಳಬೇಕಾಗುತ್ತದೆ, ಬಾಹುವಿನ ಮೇಲೆ ಅಲ್ಲ. ಆದ್ದರಿಂದ ಅವು ಎದುರುಬದುರಿನ ಶೃಂಗಗಳೇ ಆಗಬೇಕು, ಅಂದರೆ ಮಡಿಕೆಯು ಕರ್ಣವೇ ಆಗಬೇಕು. ಮಡಿಕೆಯ ಮೇಲೆ ಒಂದೂ ಶೃಂಗವಿಲ್ಲದಿದ್ದರೆ ಶೃಂಗಗಳು ಎರಡೆರಡಾಗಿ ಜೊತೆಯಾಗುತ್ತವೆ, ಮಡಿಕೆಯು ಎರಡು ಎದುರು ಬಾಹುಗಳನ್ನು ಅವುಗಳ ಮಧ್ಯದಲ್ಲಿ ಲಂಬವಾಗಿ ಕತ್ತರಿಸುತ್ತದೆ.

ಈ ತರ್ಕದಿಂದ ಇನ್ನೊಂದು ಲಾಭವಿದೆ. ಕರ್ಣವೊಂದು ಸಮಮಿತಿ ರೇಖೆಯಾದರೆ ಆ ಚತುರ್ಭುಜ ಗಾಳಿಪಟದ ಜಾತಿಗೆ ಸೇರಿದ್ದು. ಮಧ್ಯಬಿಂದುಗಳ ರೇಖೆಯೊಂದು ಸಮಮಿತಿ ರೇಖೆಯಾದರೆ ಅದು ಸಮದ್ವಿಬಾಹು ತ್ರಾಪಿಜ್ಯದ, ಅಂದರೆ ಒಂದು ಜೊತೆ ಎದುರು ಬಾಹುಗಳು ಸಮಾಂತರವಾಗಿದ್ದು ಓರೆ ಬಾಹುಗಳೆರಡೂ ಸಮವಿರುವ ಆಕೃತಿಯ, ಜಾತಿಗೆ ಸೇರಿದ್ದು. ಎರಡು ಕರ್ಣಗಳೂ ಸಮಮಿತಿ ರೇಖೆಗಳಾದಾಗ ವಜ್ರಾಕೃತಿ (ನಾಲ್ಕು ಬಾಹುಗಳೂ ಸಮವಿರುವುದು), ಎರಡು ಮಧ್ಯರೇಖೆಗಳೂ (ಮಧ್ಯಬಿಂದುಗಳ ರೇಖೆಗಳೂ) ಆದಾಗ ಆಯತ, ನಾಲ್ಕೂ ಆದಾಗ ಚೌಕ. ಮೂರು ಮಾತ್ರ ಆಗುವ ಚತುರ್ಭುಜವಿಲ್ಲ. ವಜ್ರಾಕೃತಿಯ ಒಂದು ಮಧ್ಯರೇಖೆಯ ಗುಂಟ ಮಡಿಕೆ ಹೊಂದಿದರೆ ಅದರ ಅಕ್ಕಪಕ್ಕದ ಕೋನಗಳು ಸಮವಾಗಿ, ಪ್ರತಿಯೊಂದೂ 90 ಡಿಗ್ರಿಯಾಗಿ, ಅದು ಚೌಕವೇ ಆಗಿಬಿಡುತ್ತದೆ; ಆಯತದ ಒಂದು ಕರ್ಣದ ಗುಂಟ ಮಡಿಕೆ ಹೊಂದಿದರೆ ಅಕ್ಕಪಕ್ಕದ ಬಾಹುಗಳು ಸಮವಾಗಿ ಅದೂ ಚೌಕವಾಗುತ್ತದೆ. ಮೂರನೆಯದು ಸಿಕ್ಕ ಕೂಡಲೇ ನಾಲ್ಕನೆಯದು ತಾನಾಗಿ ಬಂದಿರುತ್ತದೆ. ಉತ್ತರದಲ್ಲಿ ‘3’ ಎಂದು ಬರೆದಿದ್ದರೆ ಚಿತ್ರ ನೋಡುವ ಮೊದಲೇ ಅದು ತಪ್ಪೆಂದು ಹೇಳಬಹುದು.

ಕತ್ತರಿಯಲ್ಲಿ ಒಂದೊಂದೇ ಚತುರ್ಭುಜ

ಸಿದ್ಧ ಆಕೃತಿಯಲ್ಲಿ ರೇಖೆ ಹುಡುಕುವುದಕ್ಕಿಂತ, ರೇಖೆಯಿಂದಲೇ ಆಕೃತಿಯನ್ನು ಹುಟ್ಟಿಸುವುದು ಒಳ್ಳೆಯ ಅಭ್ಯಾಸ. ಹಾಳೆಯನ್ನು ಒಂದೇ ಸಲ ಮಡಿಸಿ, ಮಡಿಕೆಯ ಅಂಚಿನ ಮೇಲೆ 15 ಸೆಂಟಿಮೀಟರ್ ಗುರುತು ಮಾಡಿ. ಮೇಲಿನ ಗುರುತಿನಿಂದ ಮಡಿಕೆಯ ಮೇಲೆ 5 ಸೆಂಟಿಮೀಟರ್ ಕೆಳಗಿಳಿದು, ಅಲ್ಲಿಂದ ಲಂಬವಾಗಿ 6 ಸೆಂಟಿಮೀಟರ್ ಹೊರಗೆ ಒಂದು ಚುಕ್ಕಿ ಇಡಿ. ಆ ಚುಕ್ಕಿಯನ್ನು ಮಡಿಕೆಯ ಮೇಲಿನ ಎರಡು ತುದಿಗಳಿಗೆ ಸೇರಿಸಿ ಕತ್ತರಿಸಿ ಬಿಡಿಸಿದರೆ 15 ಮತ್ತು 12 ಸೆಂಟಿಮೀಟರ್ ಕರ್ಣಗಳ ಗಾಳಿಪಟ ಕೈಯಲ್ಲಿರುತ್ತದೆ. ಉದ್ದನೆಯ ಕರ್ಣವೇ ಅದರ ಒಂದೇ ಒಂದು ಸಮಮಿತಿ ರೇಖೆ. ಗಿಡ್ಡ ಕರ್ಣದ ಗುಂಟ ಮಡಿಸಿ ನೋಡಿ: ಮೇಲಿನ ಮೂಲೆ ಕೆಳಗಿನ ಮೂಲೆಗೆ 5 ಸೆಂಟಿಮೀಟರ್ ಮೊದಲೇ ನಿಲ್ಲುತ್ತದೆ. ಇದೇ ಪ್ರಯೋಗದಲ್ಲಿ 5ರ ಬದಲು ಸರಿಯಾಗಿ ಅರ್ಧಕ್ಕೆ, ಅಂದರೆ 7.5 ಸೆಂಟಿಮೀಟರಿಗೆ ಇಳಿದಿದ್ದರೆ ಎರಡನೆಯ ರೇಖೆಯೂ ಹುಟ್ಟಿ ವಜ್ರಾಕೃತಿ ಆಗುತ್ತಿತ್ತು. ಚುಕ್ಕಿಯಿಂದ ಮಡಿಕೆಗೆ ಇಳಿಸಿದ ಲಂಬವು ಮಡಿಕೆಯ ಎರಡು ತುದಿಗಳ ನಡುವೆ ಬೀಳದೆ, ಮಡಿಕೆಯನ್ನು ಮುಂದುವರಿಸಿದಲ್ಲಿ ಬಿದ್ದರೆ ಬಾಣದ ತುದಿಯಂಥ, ಒಳಗೆ ತಗ್ಗಿದ ಚತುರ್ಭುಜ ಸಿಗುತ್ತದೆ. ಅದಕ್ಕೂ ಒಂದೇ ರೇಖೆ.

ಆಷಾಢದ ಗಾಳಿಯಲ್ಲಿ ನಮ್ಮ ಮಕ್ಕಳು ಹಾರಿಸುವ ಪಟ ಮಾತ್ರ ಹೆಚ್ಚಾಗಿ ಈ ಪಠ್ಯದ ಗಾಳಿಪಟವಲ್ಲ, ಮೂಲೆಯ ಮೇಲೆ ನಿಲ್ಲಿಸಿದ ಚೌಕ. ಬರಿಯ ಕಾಗದವಾಗಿ ಅದಕ್ಕೆ ನಾಲ್ಕು ರೇಖೆಗಳಿದ್ದರೂ, ನೆಟ್ಟಗಿನ ಕಡ್ಡಿ, ಬಿಲ್ಲಿನಂತೆ ಬಗ್ಗಿಸಿದ ಅಡ್ಡ ಕಡ್ಡಿ ಮತ್ತು ಬಾಲಂಗೋಚಿ ಸೇರಿದ ಮೇಲೆ ನೆಟ್ಟಗಿನ ರೇಖೆ ಒಂದೇ ಉಳಿಯುತ್ತದೆ. ಸೂತ್ರ ಕಟ್ಟುವವರು ದಾರವನ್ನು ಆ ರೇಖೆಯ ಮೇಲೆಯೇ ಕಟ್ಟುವುದು ಇದಕ್ಕಾಗಿಯೇ. ಪಕ್ಕಕ್ಕೆ ಸರಿದರೆ ಪಟ ಒಂದು ಕಡೆಗೆ ವಾಲುತ್ತದೆ.

ಇನ್ನೊಂದು ಹಾಳೆಯನ್ನು ಒಂದು ಸಲ ಮಡಿಸಿ, ಮಡಿಕೆಯ ಮೇಲೆ 8 ಸೆಂಟಿಮೀಟರ್ ಎತ್ತರ ಗುರುತಿಸಿ, ಮೇಲಿನ ತುದಿಯಿಂದ 3 ಸೆಂಟಿಮೀಟರ್, ಕೆಳತುದಿಯಿಂದ 6 ಸೆಂಟಿಮೀಟರ್ ಲಂಬವಾಗಿ ಹೊರಗೆ ಹೋಗಿ, ಆ ಎರಡು ಚುಕ್ಕಿಗಳನ್ನು ಸೇರಿಸಿ ಕತ್ತರಿಸಿ. ಬಿಡಿಸಿದಾಗ ಸಮಾಂತರ ಬಾಹುಗಳು 6 ಮತ್ತು 12 ಸೆಂಟಿಮೀಟರ್ ಇರುವ ಸಮದ್ವಿಬಾಹು ತ್ರಾಪಿಜ್ಯ ಸಿಗುತ್ತದೆ. ಇದರ ರೇಖೆಯೂ ಒಂದೇ, ಆದರೆ ಅದು ಕರ್ಣವಲ್ಲ, ಸಮಾಂತರ ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ರೇಖೆ. ಓರೆ ಬಾಹುಗಳು ಸಮವಲ್ಲದ ಸಾಮಾನ್ಯ ತ್ರಾಪಿಜ್ಯಕ್ಕೆ ಯಾವ ರೇಖೆಯೂ ಇಲ್ಲ.

ಈಗ ಹಾಳೆಯನ್ನು ಎರಡು ಸಲ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಿ. ಎರಡು ಮಡಿಕೆಗಳು ಕೂಡುವ ಮೂಲೆ ಹಾಳೆಯ ನಡುಬಿಂದು. ಆ ಮೂಲೆಯಿಂದ ಒಂದು ಮಡಿಕೆಯ ಮೇಲೆ 4, ಇನ್ನೊಂದರ ಮೇಲೆ 7 ಸೆಂಟಿಮೀಟರ್ ಗುರುತಿಸಿ, ಎರಡನ್ನೂ ಸೇರಿಸುವ ಓರೆ ಗೆರೆಯ ಗುಂಟ ಒಂದೇ ಏಟಿಗೆ ಕತ್ತರಿಸಿದರೆ 8 ಮತ್ತು 14 ಸೆಂಟಿಮೀಟರ್ ಕರ್ಣಗಳ ವಜ್ರಾಕೃತಿ ಬಿಡಿಸಿಕೊಳ್ಳುತ್ತದೆ. ಎರಡು ಮಡಿಕೆಗಳೇ ಅದರ ಎರಡು ಸಮಮಿತಿ ರೇಖೆಗಳು. ಮಧ್ಯಬಿಂದುಗಳ ರೇಖೆಗಳನ್ನು ಪರೀಕ್ಷಿಸಿದರೆ ಎರಡೂ ಸೋಲುತ್ತವೆ. ಮತ್ತೊಂದು ಹಾಳೆಯಲ್ಲಿ ಎರಡೂ ಕಡೆ 5 ಸೆಂಟಿಮೀಟರ್ ಗುರುತಿಸಿ ಕತ್ತರಿಸಿದರೆ ಚೌಕ. ಕೇವಲ ಎರಡು ಮಡಿಕೆಗಳಿಂದ ಮಾಡಿದ ಈ ಚೌಕಕ್ಕೆ ಇನ್ನೆರಡು ರೇಖೆಗಳು ಬೇಡದೆಯೇ ಬಂದಿರುತ್ತವೆ, ಏಕೆಂದರೆ ಎರಡು ಅಳತೆಗಳು ಸಮವಾದಾಗ ಮಡಿಸಿದ ಚಿಕ್ಕ ತ್ರಿಭುಜವೇ ಸಮದ್ವಿಬಾಹುವಾಗಿ ಅದಕ್ಕೂ ಒಂದು ಮಡಿಕೆ ಒದಗುತ್ತದೆ. ಮಕ್ಕಳು ಇದನ್ನು ತಾವೇ ಕಂಡುಕೊಳ್ಳಲು ಒಂದು ಪೀರಿಯಡ್ ಪೂರ್ತಿ ಹೋದರೂ ನಷ್ಟವಿಲ್ಲ.

ಆಯತವನ್ನು ಆಗಲೇ ನೋಡಿದ್ದೇವೆ: ಎರಡು ಮಧ್ಯರೇಖೆಗಳು ಹೊಂದುತ್ತವೆ, ಎರಡು ಕರ್ಣಗಳು ಹೊಂದುವುದಿಲ್ಲ. ವಜ್ರಾಕೃತಿಗೆ ಇದರ ತಿರುಗುಮುರುಗು. ಎ4 ಹಾಳೆಯ ಗಿಡ್ಡ ಅಂಚನ್ನು ಉದ್ದನೆಯ ಅಂಚಿನ ಮೇಲೆ ಕೂರಿಸಿ ಮಡಿಸಿ, ಹೊರಗುಳಿದ 87 ಮಿಲಿಮೀಟರ್ ಅಗಲದ ಪಟ್ಟಿಯನ್ನು ಕತ್ತರಿಸಿ ಬಿಸಾಡಿದರೆ 21 ಸೆಂಟಿಮೀಟರ್ ಚೌಕ ಉಳಿಯುತ್ತದೆ. ಅಷ್ಟು ಹೊತ್ತು ಸೋಲುತ್ತಿದ್ದ ಕರ್ಣ ಆ ಪಟ್ಟಿ ಹೋದ ಕೂಡಲೇ ಗೆಲ್ಲುತ್ತದೆ.

ಸಮಾಂತರ ಚತುರ್ಭುಜಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಬೇಕು. ಹಾಳೆಯನ್ನು ಅಡ್ಡಲಾಗಿಟ್ಟು, ಮೇಲಿನ ಅಂಚಿನಲ್ಲಿ ಎಡ ಮೂಲೆಯಿಂದ 6 ಸೆಂಟಿಮೀಟರ್ ದೂರದಲ್ಲಿ ಗುರುತು ಮಾಡಿ, ಕೆಳಗಿನ ಎಡ ಮೂಲೆಯಿಂದ ಅಲ್ಲಿಗೆ ಗೆರೆ ಎಳೆದು ಕತ್ತರಿಸಿ. ಬಿಡಿಯಾದ ತ್ರಿಭುಜವನ್ನು ತಿರುಗಿಸದೆ ಹಾಗೆಯೇ ಬಲಕ್ಕೆ ಜಾರಿಸಿ ಬಲ ಅಂಚಿಗೆ ಅಂಟಿಸಿದರೆ ಸಮಾಂತರ ಚತುರ್ಭುಜ ಸಿದ್ಧ. ನಾಲ್ಕು ರೇಖೆಗಳನ್ನೂ ಒಂದೊಂದಾಗಿ ಮಡಿಸಿ ನೋಡಿ. ಪ್ರತಿ ಸಲವೂ ಎರಡು ಮೂಲೆಗಳು ಹೊರಗೆ ಇಣುಕುತ್ತವೆ. ಹೀಗಿದ್ದರೂ ನೋಡುವವರ ಕಣ್ಣು ‘ಇದರಲ್ಲಿ ಏನೋ ಸಮತೋಲವಿದೆ’ ಎಂದೇ ಹೇಳುತ್ತದೆ, ಮತ್ತು ಕಣ್ಣು ಹೇಳುವುದು ಸುಳ್ಳಲ್ಲ. ಕರ್ಣಗಳು ಕೂಡುವ ಬಿಂದುವಿನಲ್ಲಿ ಗುಂಡುಸೂಜಿ ಚುಚ್ಚಿ, ಕೆಳಗಿನ ಹಾಳೆಯ ಮೇಲೆ ಆಕೃತಿಯ ಅಂಚನ್ನು ಪೆನ್ಸಿಲಿನಿಂದ ಬರೆದುಕೊಂಡು, ಆಕೃತಿಯನ್ನು ಅರ್ಧ ಸುತ್ತು ತಿರುಗಿಸಿದರೆ ಅದು ಬರೆದ ಅಂಚಿನೊಳಗೆ ಮತ್ತೆ ಸರಿಯಾಗಿ ಕೂರುತ್ತದೆ. ಇದು ತಿರುಗಿಸುವುದರಿಂದ ಬರುವ ಪರಿಭ್ರಮಣ ಸಮಮಿತಿ, ಮಡಿಸುವುದರಿಂದ ಬರುವ ರೇಖಾ ಸಮಮಿತಿ ಅಲ್ಲ. ಆಯತದ ಕರ್ಣದಲ್ಲಿ ಕತ್ತರಿಸಿದ ತುಂಡು ತಿರುಗಿಸಿದಾಗ ಮಾತ್ರ ಹೊಂದಿದ್ದಕ್ಕೂ ಇದೇ ಕಾರಣ. ಸಮಾಂತರ ಚತುರ್ಭುಜದ ಸಮಮಿತಿ ರೇಖೆಗಳ ಸಂಖ್ಯೆ ಸೊನ್ನೆ ಎಂದು ಬರೆಯುವಾಗ, ವಜ್ರಾಕೃತಿ, ಆಯತ, ಚೌಕಗಳೂ ಸಮಾಂತರ ಚತುರ್ಭುಜಗಳೇ ಎಂಬುದನ್ನು ನೆನಪಿಟ್ಟುಕೊಂಡು, ‘ಬಾಹುಗಳೂ ಕೋನಗಳೂ ಸಮವಲ್ಲದ ಸಾಮಾನ್ಯ ಸಮಾಂತರ ಚತುರ್ಭುಜಕ್ಕೆ’ ಎಂದು ಸೇರಿಸುವುದು ಉಚಿತ.

ತ್ರಿಭುಜ, ಬಹುಭುಜ, ವೃತ್ತ

ತ್ರಿಭುಜದಲ್ಲಿ ಅದೇ ಜೊತೆಯ ಲೆಕ್ಕ ಇನ್ನೂ ಬೇಗ ಮುಗಿಯುತ್ತದೆ: ಒಂದು ಶೃಂಗ ಮಡಿಕೆಯ ಮೇಲಿದ್ದು ಉಳಿದೆರಡು ಜೊತೆಯಾಗಬೇಕು. ಸಮಬಾಹು ತ್ರಿಭುಜಕ್ಕೆ ಮೂರು, ಸಮದ್ವಿಬಾಹುವಿಗೆ ಒಂದು, ಅಸಮಬಾಹುವಿಗೆ ಒಂದೂ ಇಲ್ಲ. ಎರಡು ಮಾತ್ರ ಇರುವ ತ್ರಿಭುಜವಿಲ್ಲ, ಏಕೆಂದರೆ ಎರಡು ರೇಖೆಗಳಿದ್ದರೆ ಮೂರು ಬಾಹುಗಳೂ ಸಮವಾಗಿಬಿಡುತ್ತವೆ.

ಎಲ್ಲ ಬಾಹುಗಳೂ ಎಲ್ಲ ಕೋನಗಳೂ ಸಮವಾಗಿರುವ ನಿಯಮಿತ ಬಹುಭುಜಕ್ಕೆ ಎಷ್ಟು ಬಾಹುಗಳೋ ಅಷ್ಟೇ ಸಮಮಿತಿ ರೇಖೆಗಳು. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ ಪ್ರತಿ ರೇಖೆಯೂ ಒಂದು ಶೃಂಗದಿಂದ ಎದುರಿನ ಬಾಹುವಿನ ಮಧ್ಯಬಿಂದುವಿಗೆ ಹೋಗುತ್ತದೆ. ಸಮವಾಗಿದ್ದರೆ ಅರ್ಧದಷ್ಟು ರೇಖೆಗಳು ಶೃಂಗದಿಂದ ಶೃಂಗಕ್ಕೆ, ಇನ್ನರ್ಧ ಮಧ್ಯಬಿಂದುವಿನಿಂದ ಮಧ್ಯಬಿಂದುವಿಗೆ ಹೋಗುತ್ತವೆ. ಷಡ್ಭುಜವನ್ನು ಕೈವಾರದಿಂದ, ವೃತ್ತದ ತ್ರಿಜ್ಯವನ್ನೇ ಪರಿಧಿಯ ಮೇಲೆ ಆರು ಸಲ ಹೊಡೆದು ಸುಲಭವಾಗಿ ಬರೆಯಬಹುದು. ಪಂಚಭುಜಕ್ಕೆ ಅದಕ್ಕಿಂತ ಸೊಗಸಾದ ಉಪಾಯವಿದೆ: ಎರಡು ಬೆರಳಗಲದ ಉದ್ದನೆಯ ಕಾಗದದ ಪಟ್ಟಿಗೆ ದಾರಕ್ಕೆ ಹಾಕುವಂತೆ ಒಂದು ಸಾದಾ ಗಂಟು ಹಾಕಿ, ಸುಕ್ಕಾಗದಂತೆ ನಿಧಾನವಾಗಿ ಬಿಗಿದು ಚಪ್ಪಟೆಯಾಗಿ ಒತ್ತಿದರೆ ಗಂಟು ನಿಯಮಿತ ಪಂಚಭುಜವಾಗುತ್ತದೆ. ಹೊರಚಾಚಿದ ತುದಿಗಳನ್ನು ಕತ್ತರಿಸಿ, ಅದರ ಐದು ರೇಖೆಗಳನ್ನು ಪೆನ್ಸಿಲಿನಿಂದ ಎಳೆಯಿರಿ.

ವೃತ್ತದ ಕೇಂದ್ರದ ಮೂಲಕ ಹೋಗುವ ಯಾವುದೇ ರೇಖೆ ಸಮಮಿತಿ ರೇಖೆಯೇ ಆದ್ದರಿಂದ ಅದಕ್ಕೆ ಲೆಕ್ಕವಿಲ್ಲದಷ್ಟು ರೇಖೆಗಳಿವೆ. ಲೋಟದ ಬಾಯಿಯನ್ನು ಕಾಗದದ ಮೇಲಿಟ್ಟು ಬರೆದು ಕತ್ತರಿಸಿದ ವೃತ್ತಕ್ಕೆ ಕೇಂದ್ರ ಯಾವುದೆಂದು ತಿಳಿಯದಿದ್ದರೆ, ಅಂಚಿಗೆ ಅಂಚು ಕೂರಿಸಿ ಎರಡು ಬೇರೆಬೇರೆ ದಿಕ್ಕಿನಲ್ಲಿ ಮಡಿಸಿ. ಮಡಿಕೆಗಳು ಕೂಡುವಲ್ಲಿ ಕೇಂದ್ರವಿದೆ. ಅರ್ಧವೃತ್ತಕ್ಕೆ ಒಂದು ರೇಖೆ, ದೀರ್ಘವೃತ್ತಕ್ಕೆ ಎರಡು, ಮೊಟ್ಟೆಯ ಆಕಾರಕ್ಕೆ ಒಂದು. ಬರಿಯ ರೇಖಾಖಂಡಕ್ಕೆ ಎಷ್ಟು ಎಂದು ಕೇಳಿದರೆ ಬಹಳ ಮಂದಿ ಅದರ ನಡುವೆ ಲಂಬವಾಗಿ ಹಾಯುವ ಲಂಬಾರ್ಧಕ ಒಂದನ್ನೇ ಹೇಳಿ ನಿಲ್ಲಿಸುತ್ತಾರೆ. ಆ ಖಂಡವು ಯಾವ ರೇಖೆಯ ಮೇಲಿದೆಯೋ ಆ ರೇಖೆಯೂ ಸೇರಿ ಎರಡು.

ಅಂಗಳದಲ್ಲಿ ಮತ್ತು ಗುಮ್ಮಟದಲ್ಲಿ

ಚುಕ್ಕಿ ರಂಗೋಲಿ ಈ ಪಾಠದ ಅತ್ಯುತ್ತಮ ಪ್ರಯೋಗಶಾಲೆ. 7 ಚುಕ್ಕಿ 7 ಸಾಲು ನೇರವಾಗಿ ಇಟ್ಟರೆ 49 ಚುಕ್ಕಿಗಳ ಚೌಕವಾಗಿ ನಾಲ್ಕು ಸಮಮಿತಿ ರೇಖೆಗಳಿಗೆ ಜಾಗ ಸಿಗುತ್ತದೆ. 7ರಿಂದ 4 ಸಂದು ಚುಕ್ಕಿ ಎಂದರೆ 4, 5, 6, 7, 6, 5, 4 ಎಂಬ ಏಳು ಸಾಲುಗಳು, ಒಟ್ಟು 37 ಚುಕ್ಕಿಗಳು. ಅದರ ಹೊರಅಂಚು ಷಡ್ಭುಜ. ಇದಕ್ಕೆ ಆರು ರೇಖೆಗಳು ಎಂದು ಹೇಳಿಬಿಡುವುದು ರೂಢಿ, ಆದರೆ ಅದು ಚುಕ್ಕಿ ಇಡುವ ಕೈಯನ್ನು ಅವಲಂಬಿಸಿದೆ. ಒಂದೇ ಸಾಲಿನ ಚುಕ್ಕಿಗಳ ನಡುವೆ 4 ಸೆಂಟಿಮೀಟರ್ ಅಂತರವಿದ್ದು ಸಾಲಿನಿಂದ ಸಾಲಿಗೂ 4 ಸೆಂಟಿಮೀಟರ್ ಬಿಟ್ಟರೆ ಷಡ್ಭುಜ ಉದ್ದಕ್ಕೆ ಎಳೆದಂತಾಗಿ ಎರಡೇ ರೇಖೆಗಳು ಉಳಿಯುತ್ತವೆ. ಸಾಲುಗಳ ಅಂತರ ಸುಮಾರು 3.5 ಸೆಂಟಿಮೀಟರ್ ಇದ್ದಾಗ ಮಾತ್ರ ಅಕ್ಕಪಕ್ಕದ ಮೂರು ಚುಕ್ಕಿಗಳು ಸಮಬಾಹು ತ್ರಿಭುಜವಾಗಿ ಆರೂ ರೇಖೆಗಳು ಬರುತ್ತವೆ. ವರ್ಷಗಟ್ಟಲೆ ಹಾಕಿದವರ ಬೆರಳು ಈ ಅಂತರವನ್ನು ಸ್ಕೇಲಿಲ್ಲದೆ ಹಿಡಿಯುವುದನ್ನು ಹತ್ತಿರದಿಂದ ನೋಡಬೇಕು. ರಂಗೋಲಿಯಲ್ಲೇ ಬರುವ ಸ್ವಸ್ತಿಕವನ್ನು ಇದರ ಪಕ್ಕದಲ್ಲಿಟ್ಟು ಪರೀಕ್ಷಿಸಿದರೆ, ಕಾಲು ಸುತ್ತು ತಿರುಗಿಸಿದಾಗಲೆಲ್ಲ ಅದು ಹೊಂದಿಕೊಳ್ಳುತ್ತದೆ, ಆದರೆ ಮಡಿಸಿದರೆ ತೋಳುಗಳು ಎದುರು ದಿಕ್ಕಿಗೆ ಬಾಗಿ ಒಂದೂ ರೇಖೆ ಸಿಗುವುದಿಲ್ಲ.

ಒಂದು ಚೌಕದ ಮೇಲೆ ಇನ್ನೊಂದು ಅಷ್ಟೇ ದೊಡ್ಡ ಚೌಕವನ್ನು, ಕೇಂದ್ರ ಬದಲಿಸದೆ, 45 ಡಿಗ್ರಿ ತಿರುಗಿಸಿ ಇಟ್ಟರೆ ಎಂಟು ಮೂಲೆಗಳ ನಕ್ಷತ್ರವಾಗಿ ರೇಖೆಗಳು ನಾಲ್ಕರಿಂದ ಎಂಟಕ್ಕೆ ಏರುತ್ತವೆ. ವಿಜಯಪುರದಲ್ಲಿ 1656ರಲ್ಲಿ ಮುಗಿದ ಗೋಲಗುಮ್ಮಟದ ಒಳಗೆ ನಿಂತು ಮೇಲೆ ನೋಡಿದರೆ, ಗುಮ್ಮಟವನ್ನು ಹೊತ್ತ ಒಂದರೊಳಗೊಂದು ಹೆಣೆದ ಎಂಟು ಕಮಾನುಗಳಲ್ಲಿ ಕಾಣುವುದು ಈ ಎರಡು ಚೌಕಗಳೇ. ಚೌಕದ ಗೋಡೆಗಳಿಂದ ವೃತ್ತದ ಗುಮ್ಮಟಕ್ಕೆ ದಾಟಲು ಕಟ್ಟಿದವರು ಎಂಟು ಮೂಲೆಗಳನ್ನು ಸೇತುವೆಯಾಗಿ ಬಳಸಿದ್ದಾರೆ. ಅದೇ ಕಟ್ಟಡದ ಹೊರನಕ್ಷೆಗೆ ಎಷ್ಟು ರೇಖೆಗಳು ಎಂದು ಕೇಳಿದರೆ ಉತ್ತರ ಬೇರೆ. ನಾಲ್ಕು ಮೂಲೆಗಳಲ್ಲಿ ಒಂದೇ ಬಗೆಯ ಅಷ್ಟಭುಜ ಗೋಪುರಗಳಿರುವ ಚೌಕಕ್ಕೆ ನಾಲ್ಕು ಇರಬೇಕಿತ್ತು, ಆದರೆ ಉತ್ತರದ ಗೋಡೆಯ ನಡುವೆ ಅರ್ಧ ಅಷ್ಟಭುಜದಂತೆ ಹೊರಚಾಚಿದ ಭಾಗವೊಂದಿದೆ. ಅದರಿಂದ ಪೂರ್ವ ಪಶ್ಚಿಮದ ರೇಖೆಯೂ ಎರಡು ಕರ್ಣಗಳೂ ಹೋಗಿ ಉತ್ತರ ದಕ್ಷಿಣದ ರೇಖೆಯೊಂದೇ ಉಳಿಯುತ್ತದೆ. ಸೋಮನಾಥಪುರದ ಕೇಶವ ದೇವಾಲಯದ ಗರ್ಭಗುಡಿಗಳು 16 ಮೂಲೆಗಳ ನಕ್ಷತ್ರದ ತಳವಿನ್ಯಾಸದವು. ಕಾಗದದ ಮೇಲೆ ಅಂಥ ನಕ್ಷತ್ರ ಬೇಕಿದ್ದರೆ ನಾಲ್ಕು ಚೌಕಗಳನ್ನು 22.5 ಡಿಗ್ರಿಗೊಂದರಂತೆ ತಿರುಗಿಸಿ ಬರೆಯಿರಿ. ಪೂರ್ವಕ್ಕೆ ಬಾಗಿಲು, ಪಶ್ಚಿಮ, ಉತ್ತರ, ದಕ್ಷಿಣಕ್ಕೆ ಒಂದೊಂದು ಗರ್ಭಗುಡಿ ಇರುವ ಆ ತ್ರಿಕೂಟದ ಇಡೀ ನಕ್ಷೆಯನ್ನು ಮಡಿಸಬಹುದಾದದ್ದು ಮಾತ್ರ ಪೂರ್ವ ಪಶ್ಚಿಮದ ಒಂದೇ ರೇಖೆಯಲ್ಲಿ.

ಎಣಿಕೆ ಸರಿಯೇ ಎಂದು ಪರಿಶೀಲಿಸುವುದು

ರೇಖೆಗಳನ್ನು ಚಿತ್ರದ ಅಂಚಿಗೆ ನಿಲ್ಲಿಸದೆ ಎರಡೂ ಕಡೆ ಸ್ವಲ್ಪ ಹೊರಗೆ ಎಳೆದು, ತುಂಡು ಗೆರೆಗಳಾಗಿ ತೋರಿಸುವುದು ಒಳ್ಳೆಯದು. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ ಬರೆದ ಮಾತ್ರಕ್ಕೆ ಅದಕ್ಕೆ ಎರಡೇ ರೇಖೆ ಎಂದುಕೊಳ್ಳಬಾರದು. ಹಾಳೆಯನ್ನೇ ತಿರುಗಿಸಿ ನೋಡಿದರೆ ಅನುಮಾನ ಕಳೆಯುತ್ತದೆ.

ಒಂದಕ್ಕಿಂತ ಹೆಚ್ಚು ರೇಖೆಗಳು ಸಿಕ್ಕಾಗ ಕೋನಮಾಪಕದಿಂದ ಮಾಡಬಹುದಾದ ನಂಬಿಕಸ್ಥ ಪರೀಕ್ಷೆಯೊಂದಿದೆ. ಬಹುಭುಜದ ಎಲ್ಲ ಸಮಮಿತಿ ರೇಖೆಗಳೂ ಒಂದೇ ಬಿಂದುವಿನಲ್ಲಿ ಕೂಡಬೇಕು ಮತ್ತು ಅಕ್ಕಪಕ್ಕದ ರೇಖೆಗಳ ನಡುವಿನ ಕೋನ, 180 ಡಿಗ್ರಿಯನ್ನು ರೇಖೆಗಳ ಸಂಖ್ಯೆಯಿಂದ ಭಾಗಿಸಿದಷ್ಟು ಇರಬೇಕು: ಆಯತಕ್ಕೆ 90, ಸಮಬಾಹು ತ್ರಿಭುಜಕ್ಕೆ 60, ಚೌಕಕ್ಕೆ 45, ನಿಯಮಿತ ಪಂಚಭುಜಕ್ಕೆ 36. ಆಯತಕ್ಕೆ ಕರ್ಣಗಳನ್ನೂ ಸೇರಿಸಿ ನಾಲ್ಕು ಎಂದವರು ಎ4 ಹಾಳೆಯ ಮೇಲೆ ಕೋನಗಳನ್ನು ಅಳೆದರೆ 45ರ ಬದಲು ಒಂದು ಕಡೆ ಸುಮಾರು 35, ಇನ್ನೊಂದು ಕಡೆ ಸುಮಾರು 55 ಡಿಗ್ರಿ ಸಿಕ್ಕಿ ತಪ್ಪು ತಾನಾಗಿ ಹೊರಬೀಳುತ್ತದೆ.

ಈ ಕೋನದ ಪರೀಕ್ಷೆಯನ್ನು ಅಶೋಕ ಚಕ್ರಕ್ಕೆ ಅನ್ವಯಿಸಿ ನೋಡಿ. 24 ಅರಗಳು 15 ಡಿಗ್ರಿಗೊಂದರಂತೆ ಇವೆ. ಎದುರುಬದುರಿನ ಅರಗಳ ಮೇಲೆ ಹಾದುಹೋಗುವ 12 ರೇಖೆಗಳು, ಅರಗಳ ನಡುವಿನ ಖಾಲಿ ಜಾಗದಲ್ಲಿ ಹಾದುಹೋಗುವ 12 ರೇಖೆಗಳು, ಒಟ್ಟು 24. ಅಕ್ಕಪಕ್ಕದ ರೇಖೆಗಳ ನಡುವೆ 7.5 ಡಿಗ್ರಿ. ಆ ಚಕ್ರವನ್ನು 3:2ರ ಅಳತೆಯ ರಾಷ್ಟ್ರಧ್ವಜದ ನಡುವೆ ಇಟ್ಟಾಗ, ಆಯತಕ್ಕೆ ಎರಡು ರೇಖೆಗಳಿದ್ದರೂ ಮೇಲಿನ ಕೇಸರಿ ಕೆಳಗಿನ ಹಸಿರಿನ ಮೇಲೆ ಬೀಳಲಾರದ ಕಾರಣ ಅಡ್ಡ ರೇಖೆ ಹೋಗಿ ಲಂಬ ರೇಖೆಯೊಂದೇ ಉಳಿಯುತ್ತದೆ. ಕಂಬದ ಯಾವ ಬದಿಗೆ ನಿಂತು ನೋಡಿದರೂ ಧ್ವಜ ಒಂದೇ ಬಗೆಯಾಗಿ ಕಾಣುವುದು ಆ ಒಂದು ರೇಖೆಯಿಂದ; ಅರಿಶಿನ ಕುಂಕುಮದ ಬಣ್ಣದ ನಮ್ಮ ಕನ್ನಡ ಬಾವುಟಕ್ಕೂ ಅದೇ ಲೆಕ್ಕ.